ಮನೆಯ ಮುಂದೆ ನಿಂತ ಹಾಸಿಗೆ

ಊರಿನ ಅರ್ಧದಷ್ಟು ಜನ ನನ್ನ ಭಾವ ಹೊಲಿದ ಹಾಸಿಗೆಯ ಮೇಲೆ ಮಲಗುತ್ತಿದ್ದರು. ಭಾವ ಮಾತ್ರ ಇನ್ನೊಬ್ಬರು ಹಾಸಿಕೊಟ್ಟ ಹಾಸಿಗೆಯ ಮೇಲೆ, ಬುದ್ಧಿ ಬಂದಂದಿನಿಂದ, ಒಂದು ರಾತ್ರಿಯೂ ಕಣ್ಣು ಮುಚ್ಚಿದವರಲ್ಲ. ನೆಂಟರ ಮನೆಯ ಶುಭಕ್ಕೆ ಹೋಗಲಿ, ಅಶುಭಕ್ಕೆ ಹೋಗಲಿ, ಊಟದ ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಅವರ ಕಣ್ಣು ಗಡಿಯಾರದ ಕಡೆಗೂ ಕಾಲು ಚಪ್ಪಲಿಯ ಕಡೆಗೂ ಹೊರಳುತ್ತಿದ್ದವು. ಕಡೆಯ ಬಸ್ಸು ತಪ್ಪಿಹೋದ ಅಪರೂಪದ ಸಂದರ್ಭಗಳಲ್ಲಿ, ಆತಿಥೇಯರು ಸಜ್ಜುಗೊಳಿಸಿದ ಶಯ್ಯೆಯನ್ನು ನೋಡಿ ವಿನಯದಿಂದ ತಲೆದೂಗಿ, ಮನೆಮಂದಿಯೆಲ್ಲ ಮಲಗಿದ ಮೇಲೆ ಮೆಲ್ಲಗೆ ಎದ್ದು ಬಂದು, ಹೊರಬಾಗಿಲ ಮೆಟ್ಟಿಲಿನಲ್ಲಿ ಗೋಡೆಗೊರಗಿ ಕುಳಿತು ಬೆಳಗು ಮಾಡುತ್ತಿದ್ದರು. ಏಕೆಂದು ಕೇಳಿದರೆ ಅವರದು ಒಂದೇ ಉತ್ತರ: “ನಮ್ಮಿಂದ ಯಾರಿಗೂ ತೊಂದರೆ ಬೇಡ.” ಆ ಮಾತನ್ನು ಎಷ್ಟು ಮೃದುವಾಗಿ ಹೇಳುತ್ತಿದ್ದರೆಂದರೆ, ಕೇಳಿದವರೇ ಏನೋ ಒರಟುತನ ಮಾಡಿದಂತೆ ನಾಚಬೇಕಾಗುತ್ತಿತ್ತು.

ನೋಡುವುದಕ್ಕೆ ಎತ್ತರದ ಆಳು. ದಿನವಿಡೀ ನೆಲದ ಮೇಲೆ ಮಂಡಿಯೂರಿ ಮಾಡುವ ಕೆಲಸವಾದ್ದರಿಂದ ಎದ್ದು ನಡೆಯುವಾಗಲೂ ಮಂಡಿಗಳು ಪೂರ್ತಿ ನೆಟ್ಟಗಾಗದೆ, ಎಲ್ಲಿಯೋ ಕುಳಿತುಕೊಳ್ಳಲು ಹೊರಟು ಮನಸ್ಸು ಬದಲಾಯಿಸಿದವರಂತೆ ಕಾಣುತ್ತಿದ್ದರು. ಮೈಮೇಲೆ ಋತುಭೇದವಿಲ್ಲದೆ ಒಂದು ಕಂದು ಕೋಟು. ಅದರ ಹೆಗಲಿನ ಮೇಲೆ ಅರಳೆಯ ಎಳೆಗಳು ಅಕಾಲದ ಹಿಮದಂತೆ ಕುಳಿತಿರುತ್ತಿದ್ದವು. ಕೊರಳಪಟ್ಟಿಯ ಒಳಮಗ್ಗುಲಲ್ಲಿ ದಾರ ಪೋಣಿಸಿದ ದಪ್ಪ ಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. “ಇವರನ್ನ ಅಪ್ಪಿಕೊಳ್ಳೋದು ಅಂದ್ರೆ ಮುಳ್ಳುಹಂದೀನ ಮುದ್ದು ಮಾಡಿದ ಹಾಗೆ” ಎಂದು ಅಕ್ಕ ನಗುತ್ತಿದ್ದಳು. ಎಲ್ಲಿಗೆ ಹೋದರೂ ಕುಳಿತುಕೊಳ್ಳುವ ಮುನ್ನ ಆಸನವನ್ನು ಅಂಗೈಯಿಂದ ಒತ್ತಿ ನೋಡುವುದು ಅವರ ಬಿಡಲಾರದ ಚಾಳಿ. ವೈದ್ಯರ ಕೋಣೆಯ ಬೆಂಚಾಗಲಿ, ಬೀಗರ ಮನೆಯ ಸೋಫಾ ಆಗಲಿ, ಅಂಗೈ ಒಂದು ಕ್ಷಣ ಒತ್ತಿ, ಸರಿದು, ಇನ್ನೊಮ್ಮೆ ಒತ್ತಿ, ತೀರ್ಪು ಕೊಡುತ್ತಿತ್ತು. “ಹಳೇ ಹತ್ತಿ, ಹೊಸ ಬಟ್ಟೆ.” ಹೇಳಬಾರದ ಜಾಗದಲ್ಲೂ ಹೇಳಿಬಿಡುತ್ತಿದ್ದರು. ಅದರಲ್ಲಿ ಅಹಂಕಾರವಿರಲಿಲ್ಲ, ಗಾಯಕನ ಕಿವಿಗೆ ಅಪಸ್ವರ ತಾಕುವ ಹಾಗೆ ಅವರ ಕೈಗೆ ಗಂಟು ತಾಕುತ್ತಿತ್ತು, ಅಷ್ಟೆ.

ಪರರ ಶಯ್ಯೆಯ ಬಗೆಗಿನ ಈ ಭಯದ ಮೂಲವನ್ನು ಅಕ್ಕ ನನಗೆ ಬಹಳ ತಡವಾಗಿ ಹೇಳಿದಳು. ತಾಯಿ ತಂದೆಯಿಲ್ಲದ ಮಗುವಾಗಿ ಅವರು ಬೆಳೆದದ್ದು ದೂರದ ಬಂಧುಗಳ ಮನೆಯಲ್ಲಿ. ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತಿತ್ತಂತೆ. ಎಲ್ಲ ಮಕ್ಕಳಿಗೂ ಆಗುವಂಥದ್ದೇ. ಆ ಮನೆಯೊಡತಿ ಅದನ್ನು ಹಿತ್ತಿಲಿನಲ್ಲಿ ಒಣಗಿಸದೆ, ಬೀದಿಗೆ ಎದುರಾದ ಗೋಡೆಯ ಮೇಲೆ ಹರಡುತ್ತಿದ್ದಳಂತೆ. ಜೊತೆಯ ಹುಡುಗರು ಆ ಗೋಡೆಯನ್ನು ದಾಟಿಕೊಂಡೇ ಶಾಲೆಗೆ ಹೋಗಬೇಕಿತ್ತು. ಯಾರ ಮೇಲೆಯೂ ದೂರು ಹೇಳದ ಭಾವ ಆಕೆಯ ಮೇಲೂ ದೂರು ಹೇಳಲಿಲ್ಲ. ಬೆಳೆದು ಹಾಸಿಗೆ ಹೊಲಿಯುವ ಕಸುಬು ಕಲಿತು, ಜಗತ್ತಿಗೆಲ್ಲ ಶಯ್ಯೆ ಕೊಡುವವರಾದರು. ಜಗತ್ತಿನಿಂದ ಒಂದನ್ನೂ ತೆಗೆದುಕೊಳ್ಳದವರಾದರು.

ಈ ಕೊಡುವ ಗುಣದ ಫಲಾನುಭವಿಗಳಲ್ಲಿ ನಾನೂ ಒಬ್ಬಳು. ಹಗಲೆಲ್ಲ ಅವರ ಅಂಗಡಿಯಲ್ಲಿ ದಿಂಬಿನ ಗವುಸು ಹೊಲಿದು, ಸಂಜೆ ಶಾಲೆಯ ಬೆಂಚಿನ ಮೇಲೆ ಅಕ್ಷರ ತಿದ್ದಲು ಕುಳಿತಾಗ ನನಗೆ ಮದುವೆಯ ವಯಸ್ಸು ಮೀರಿತ್ತು. ಆ ಬೆಂಚುಗಳು ಮಕ್ಕಳಿಗಾಗಿ ಮಾಡಿದವು, ನಮ್ಮಂಥವರ ಬೆನ್ನಿನ ವಿಚಾರ ಅರಿಯದವು. ಒಂದು ದಿನ ನನ್ನ ಚೀಲದಲ್ಲಿ ಪುಸ್ತಕಗಳ ಜೊತೆ ತೆಳುವಾದ ಒಂದು ಮೆತ್ತೆ ಮಡಿಸಿಟ್ಟಿತ್ತು; ಬೆಂಚಿನ ಅಗಲಕ್ಕೆ ಸರಿಯಾಗಿ, ಯಾರ ಕಣ್ಣಿಗೂ ಬೀಳದಂತೆ ಬೆಂಚಿನದೇ ಬಣ್ಣದ ಬಟ್ಟೆಯಲ್ಲಿ ಹೊಲಿದದ್ದು. ಪದವಿ ಮುಗಿಯುವವರೆಗೆ ಅದರ ಮೇಲೆಯೇ ಕುಳಿತೆ. ಕೆಲಸ ಸಿಕ್ಕಿದ ಮೇಲೆ ನಾನು ಅವರಿಗೊಂದು ಶಾಲು ತಂದುಕೊಟ್ಟಾಗ, ಎರಡು ಕೈಯಲ್ಲೂ ತೆಗೆದುಕೊಂಡು, ನೇಯ್ಗೆಯನ್ನು ಬೆಳಕಿಗೆ ಹಿಡಿದು ಮೆಚ್ಚಿ, “ನನಗ್ಯಾಕೆ ಪಂಡಿತರೇ ಇದೆಲ್ಲ? ನಿಮ್ಮ ಅಕ್ಕನಿಗೆ ಇರಲಿ” ಎಂದರು. ಅಕ್ಷರ ಕಲಿತಂದಿನಿಂದ ನಾನು ಅವರ ಬಾಯಲ್ಲಿ ಪಂಡಿತಳು. ಶಾಲನ್ನು ಅಕ್ಕ ಹೊದ್ದಳು. ಅದು ಅವಳಿಗೆ ಒಪ್ಪುವ ಬಣ್ಣವಾಗಿರಲಿಲ್ಲ.

ಅಕ್ಕ ಭಾವನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಹತ್ತಿಯ ಧೂಳು ಎದೆಗೆ ಒಳ್ಳೆಯದಲ್ಲವೆಂದು ಅವಳನ್ನು ಎಬ್ಬಿಸಿ ಓದಲು ಕಳಿಸಿದರು. ಓದಿ ಔಷಧಾಲಯದಲ್ಲಿ ಕೆಲಸ ಹಿಡಿದಳು. ನೀರು ಸರಬರಾಜಿನ ಕಚೇರಿಯ ನೌಕರನೊಬ್ಬನನ್ನು ಮದುವೆಯಾಗಿ ದೂರದ ಊರಿಗೆ ಹೋದಳು. ಮಗಳ ಮನೆಗೆ ಭಾವ ತಪ್ಪದೆ ಹೋಗುತ್ತಿದ್ದರು, ಆದರೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂದಿರುಗುವುದೇ ಅವರ ರೀತಿ. ಹೋದ ಹೊತ್ತಿನ ಬಹುಪಾಲು ಬಸ್ಸಿನಲ್ಲೇ ಕಳೆಯುತ್ತಿತ್ತು. ಒಂದು ಸಲ ಅವಳು ನನ್ನ ಮುಂದೆ, ನಗುತ್ತಲೇ, ಆದರೆ ಕಣ್ಣಿನಲ್ಲಿ ನಗುವಿಲ್ಲದೆ ಹೇಳಿದಳು: “ಎಲ್ಲರ ಅಪ್ಪಂದಿರೂ ಮಗಳ ಮನೆಗೆ ಬಂದು ಇರ್ತಾರೆ ಚಿಕ್ಕಮ್ಮ. ನಮ್ಮಪ್ಪ ಬಂದು ಹೋಗ್ತಾರೆ.”

ಆ ಮಾತು ಅಕ್ಕನ ಮೂಲಕ ಭಾವನ ಕಿವಿಗೆ ಬಿತ್ತು. ಬಿದ್ದದ್ದು ಒಳಗೆ ಇಳಿಯಿತು. ಸ್ವಲ್ಪ ಕಾಲದಲ್ಲೇ ಅವರು ಒಂದು ಹಳೆಯ ವ್ಯಾನನ್ನು ಕೊಳ್ಳಲು ಹೊರಟರು.

ಅದು ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಮನೆಮನೆಯ ಹಾಸು ಹೊದಿಕೆಗಳನ್ನು ಹೊತ್ತು ದುಡಿದು, ಮೈತುಂಬ ಸಾಬೂನಿನ ವಾಸನೆ ಅಂಟಿಸಿಕೊಂಡ, ಬಿಳಿಯದೋ ಬೂದಿಯದೋ ಎಂದು ನಿಶ್ಚಯಿಸಲಾಗದ ಬಣ್ಣದ ವಾಹನ. ಜೊತೆಗೆ ನೆರೆಮನೆಯ ಮೆಕ್ಯಾನಿಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ದಲ್ಲಾಳಿ ಮುಂದಿನ ಮುಚ್ಚಳ ಎತ್ತಿ ನಿಲ್ಲಿಸಿ, ಇಂಜಿನ್ನಿನ ಗುಣಗಾನಕ್ಕೆ ಗಂಟಲು ಸರಿಪಡಿಸಿಕೊಳ್ಳುತ್ತಿದ್ದರೆ, ಭಾವ ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಕಳಚಿಟ್ಟು, ಒಳಗೆ ಹೋಗಿ ಬರಿಯ ತಗಡಿನ ಮೇಲೆ ಅಂಗಾತ ಮಲಗಿಬಿಟ್ಟರು.

“ಯಜಮಾನ್ರೇ, ಇಂಜಿನ್ ನೋಡಲ್ವಾ?”

“ಅದನ್ನ ಇವರು ನೋಡ್ತಾರೆ. ನಾನು ಮಲಗಿ ನೋಡ್ತೀನಿ.”

“ಇದೇನು ಗಾಡಿ ವ್ಯಾಪಾರಾನಾ, ಮಂಚದ ವ್ಯಾಪಾರಾನಾ?” ಎಂದು ದಲ್ಲಾಳಿ ನನ್ನ ಕಡೆ ತಿರುಗಿದ. ನಾನು ಅಪರಿಚಿತರ ಹಾಸ್ಯಕ್ಕೆ ನಗುವವಳಲ್ಲವಾದ್ದರಿಂದ ಅವನು ಮೆಕ್ಯಾನಿಕ್ಕನ ಕಡೆ ತಿರುಗಿದ. ಮೆಕ್ಯಾನಿಕ್ ಹಣೆ ಚಚ್ಚಿಕೊಳ್ಳುತ್ತಿದ್ದ. ಒಳಗಿನಿಂದ ಧ್ವನಿ ಬಂತು: “ಕಾಲು ಚಾಚಬಹುದು. ಇದೇ ಆಗಲಿ.”

ಮುಂದಿನ ದಿನಗಳಲ್ಲಿ ಅಂಗಡಿಯ ಗಿರಾಕಿಗಳು ತಮ್ಮ ಹಾಸಿಗೆಗಳಿಗಾಗಿ ಕಾಯಬೇಕಾಯಿತು. ಚಕ್ರಗಳ ಮೇಲಿನ ತಗಡಿನ ಉಬ್ಬುಗಳನ್ನು ಸುತ್ತುವರಿದು ಕೂರುವಂತೆ, ಹಗಲು ಮಡಿಸಿದರೆ ಆಸನವಾಗುವಂತೆ, ಎರಡು ಹೋಳುಗಳ ಹಾಸಿಗೆಯೊಂದನ್ನು ಕತ್ತರಿಸಿ ಹೊಲಿದರು. ಕಿಟಕಿಗಳಿಗೆ ಪರದೆ ಬಂತು; ಕನ್ನಡಕ ಇಡಲು ಗೋಡೆಗೊಂದು ಜೇಬು ಬಂತು; ಅಕ್ಕನ ಬಾಚಣಿಗೆಗೂ ಒಂದು. “ಲೋಕದವರು ಗಾಡಿ ತಗೊಳ್ಳೋದು ಓಡಾಡೋಕೆ, ಇವರು ತಗೊಂಡಿದ್ದು ಮಲಗೋಕೆ” ಎಂದು ಅಕ್ಕ ಮೂದಲಿಸಿದಳೇ ಹೊರತು, ಆ ದಿನಗಳಲ್ಲಿ ಅವಳ ಮುಖದಲ್ಲಿದ್ದ ಕಾಂತಿಯನ್ನು ನಾನು ಅವಳ ಯೌವನದಲ್ಲೂ ಕಂಡಿರಲಿಲ್ಲ. ಹಿಂದೆ ಹಾಸಿಗೆಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಕಾಲದಲ್ಲಿ ಕಲಿತ ಚಾಲನೆ ಭಾವನ ಕೈಯಲ್ಲಿ ಇನ್ನೂ ಇತ್ತು. ಇಬ್ಬರೂ ಕೆರೆಯ ದಂಡೆಗಳಿಗೆ, ಬೆಟ್ಟದ ಬುಡಗಳಿಗೆ, ಹೆಸರೂ ಕೇಳಿರದ ಊರುಗಳಿಗೆ ಹೋಗಿಬಂದರು. ಒಮ್ಮೆ ಬೆಳಕು ಹರಿಯುವ ಹೊತ್ತಿಗೆ ಪೊಲೀಸಿನವನೊಬ್ಬ ಕಿಟಕಿ ಬಡಿದು “ಯಾರ್ರೀ ಒಳಗೆ?” ಎಂದು ಗದರಿಸಿದನಂತೆ. ಭಾವ ಪರದೆ ಸರಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ನಾವೇ, ಮನೆಯವರು” ಎಂದರಂತೆ. ಈ ಪ್ರಸಂಗವನ್ನು ಹೇಳಿ ಹೇಳಿ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆದರೆ ಈ ಪ್ರವಾಸಗಳೆಲ್ಲ ಪೂರ್ವಾಭ್ಯಾಸ ಮಾತ್ರವೆಂಬುದು ನನಗೆ ತಿಳಿದದ್ದು ಅವರು ಒಂದು ಸಂಜೆ ಹುಡುಗನಂಥ ಉತ್ಸಾಹದಿಂದ ನನ್ನ ಬಾಗಿಲಿಗೆ ಬಂದಾಗ.

“ಪಂಡಿತರೇ, ರಜೆ ಹಾಕಿ, ಹೊರಡಿ. ಮಗಳ ಮನೇಲಿ ಒಂದು ವಾರ ಇದ್ದು ಬರೋಣ.”

“ನೀವಾ? ಒಂದು ವಾರಾನಾ?”

“ಹ್ಞೂಂ. ಅವಳಿಗೆ ಒಂದು ಚೂರೂ ತೊಂದರೆ ಇಲ್ಲ. ಗೇಟಿನ ಮುಂದೆ ವ್ಯಾನ್ ನಿಲ್ಲಿಸ್ತೀವಿ, ಅದರಲ್ಲೇ ಮಲಗ್ತೀವಿ. ನೀವು ಬೇಕಾದ್ರೆ ಒಳಗೆ ಮಲಗಿ.”

ಮಗಳಿಗೆ ‘ವಾರ ಇರ್ತೀವಿ’ ಎಂಬುದಷ್ಟೇ ಮುಟ್ಟಿತ್ತು. ವ್ಯಾನಿನಲ್ಲಿ ಮಲಗುವ ಯೋಜನೆಯನ್ನು ಭಾವ ಒಂದು ಉಡುಗೊರೆಯಂತೆ ಗುಟ್ಟಾಗಿಟ್ಟಿದ್ದರು.

ನಾವು ತಲುಪಿದಾಗ ಅವಳು ಗೇಟಿನ ಹೊರಗೇ ನಿಂತಿದ್ದಳು. ಸಾಮಾನು ಇಳಿಸಲು ಅಳಿಯ ಮುಂದೆ ಬಂದ. ಭಾವ ನಾಟಕದ ತೆರೆ ಸರಿಸುವವರ ಸಂಭ್ರಮದಿಂದ ಹಿಂದಿನ ಬಾಗಿಲು ತೆರೆದು ತಮ್ಮ ಕುಶಲಕಲೆಯನ್ನೆಲ್ಲ ತೋರಿಸಿದರು. “ಏನೂ ಇಳಿಸೋದು ಬೇಡಪ್ಪ. ಎಲ್ಲ ಇಲ್ಲೇ ಇದೆ. ನೀವು ನಿಮ್ಮ ಪಾಡಿಗೆ ಇರಿ.” ಮಗಳ ಮುಖದಲ್ಲಿ ಏನೋ ಬಂದದ್ದು ಬಂದಲ್ಲೇ ನಿಂತಿತು. ಅವಳು, “ಒಳಗೆ ಬನ್ನಿ ಅಪ್ಪ, ಒಂದು ಸಲ ರೂಮ್ ನೋಡಿ” ಎಂದು ಕೈಹಿಡಿದು ಕರೆದೊಯ್ದಳು.

ಬೀದಿಯ ಕಡೆಯ ಕೋಣೆ ಅದು. ಬೇಡದ ಸಾಮಾನು ತುಂಬಿದ್ದುದನ್ನು ಬರಿದು ಮಾಡಿ, ಸುಣ್ಣ ಹೊಡೆಸಿ, ಗಾಳಿ ಬರಲೆಂದು ಕಿಟಕಿಯನ್ನು ಅಗಲ ಮಾಡಿಸಿದ್ದಳು. ನಡುವೆ ಒಂದು ಮಂಚ, ಅದರ ಮೇಲೆ ಗೀರುಗೀರಿನ ಬಟ್ಟೆಯ ಹತ್ತಿ ಹಾಸಿಗೆ. ಭಾವನ ಮಂಚದಷ್ಟೇ ಎತ್ತರ, ಅಷ್ಟೇ ಉದ್ದ; ಅಳತೆಯನ್ನು ಅವಳು ಅಕ್ಕನಿಂದ ಫೋನಿನಲ್ಲಿ ಪಡೆದಿದ್ದಳು, ಅಕ್ಕ ಅದು ಹೊದಿಕೆಗಿರಬೇಕೆಂದು ತಿಳಿದಿದ್ದಳು. ಭಾವ ಅಭ್ಯಾಸದಂತೆ ಅಂಗೈಯಿಂದ ಹಾಸಿಗೆಯನ್ನು ಒತ್ತಿದರು. ಸರಿದು, ಇನ್ನೊಮ್ಮೆ ಒತ್ತಿದರು.

“ಯಾರ ಕೈಯಮ್ಮ ಇದು?”

“ಯಾಕಪ್ಪ?”

“ಅವಸರದ ಕೈ. ಗಂಟು ಬಿಗಿಯಿಲ್ಲ. ಎರಡು ವರ್ಷಕ್ಕೆ ಹತ್ತಿಯೆಲ್ಲ ಮೂಲೆ ಸೇರುತ್ತೆ. ಯಾರು ಹೊಲಿದಿದ್ದು?”

“ಇಲ್ಲೇ ಒಬ್ಬರು. ದುಡ್ಡು ತಗೊಳ್ಳಲಿಲ್ಲ.”

“ಅದಕ್ಕೇ ಹೀಗೆ” ಎಂದು ಭಾವ ನಕ್ಕರು. ಅಳಿಯ ಬಾಯಿ ತೆರೆದ. ಅವಳು ಕಣ್ಣಿನಲ್ಲೇ ತಡೆದಳು. ಊಟವಾದ ಮೇಲೆ ಭಾವ ವ್ಯಾನಿಗೆ ಹೋದರು. ಗಂಡನನ್ನೂ ಮಗಳನ್ನೂ ನೋಡಿ ನೋಡಿ, ಏನೂ ತೋಚದೆ, ಅಕ್ಕನೂ ಹಿಂದೆಯೇ ಹೋದಳು. ಆ ಕೋಣೆಯಲ್ಲಿ, ಆ ಹಾಸಿಗೆಯ ಮೇಲೆ, ಮಲಗಿದವಳು ನಾನು.

ಬೆಳಿಗ್ಗೆ ಭಾವ ಬೀದಿಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು, ಮಗಳ ಬಚ್ಚಲುಮನೆಗೂ ತೊಂದರೆ ಬೇಡವೆಂದು. ಎದುರುಮನೆಯಾಕೆ ಗೇಟಿನವರೆಗೆ ಬಂದು, “ಏನಮ್ಮಾ, ಅಪ್ಪ ಅಮ್ಮ ಗಾಡೀಲೇ ಮಲಗಿದ್ರಂತೆ? ಒಳಗೆ ಜಾಗ ಸಾಲಲಿಲ್ವಾ?” ಎಂದಳು. “ಅವರಿಗೆ ಗಾಳಿ ಬೇಕು ಆಂಟಿ” ಎಂದು ನನ್ನ ಅಕ್ಕನ ಮಗಳು ಉತ್ತರಿಸಿದ್ದು ಕೇಳಿಸಿತು. ಆಮೇಲೆ ಕೋಣೆಗೆ ಬಂದು ನನ್ನೊಡನೆ ಹೊದಿಕೆ ಕೊಡವಿ ಮಡಿಸುತ್ತ ಕೇಳಿದಳು:

“ಹಾಸಿಗೆ ಹೇಗಿತ್ತು ಚಿಕ್ಕಮ್ಮ?”

“ಚೆನ್ನಾಗಿತ್ತು. ಯಾಕೆ?”

“ನಾನೇ ಹೊಲಿದದ್ದು.” ಎಡಗೈಯ ಬೆರಳುಗಳನ್ನು ನನ್ನ ಮುಂದೆ ಚಾಚಿದಳು, ತುದಿಗಳಲ್ಲಿ ಸೂಜಿಯ ಗುರುತುಗಳು ಒಣಗಿ ಗಟ್ಟಿಯಾಗಿದ್ದವು. “ರಜೆ ಸಿಕ್ಕಾಗೆಲ್ಲ ಕೂತು ಹೊಲಿದೆ. ಅಪ್ಪನಿಗೆ ತನ್ನ ಹಾಸಿಗೇಲಿ ಮಾತ್ರ ನಿದ್ದೆ ಬರೋದು ಅಲ್ವಾ? ನಾನು ಹೊಲಿದ್ರೆ ಅದೂ ಅವರದ್ದೇ ಅಂದುಕೊಂಡೆ. ಹೇಳ್ಬೇಡಿ ಅವರಿಗೆ.”

ವಾರವೆಂದು ಬಂದವರು ವಾರವಿರಲಿಲ್ಲ. ವ್ಯಾನು ಗೇಟಿಗೆ ಅಡ್ಡವಾಗಿ, ಅಳಿಯ ಕಚೇರಿಗೆ ಹೋಗುವಾಗ ತನ್ನ ಸ್ಕೂಟರನ್ನು ಓರೆ ಮಾಡಿ ಹೊರತೆಗೆಯುವುದನ್ನು ಭಾವ ನೋಡಿದರು. ನಮ್ಮಿಂದ ತೊಂದರೆಯಾಯಿತೆಂದು ಮಾರನೆಯ ದಿನ ಮಧ್ಯಾಹ್ನವೇ ಹೊರಡಿಸಿದರು. ಮಗಳು ತಡೆಯಲಿಲ್ಲ.

ಹೇಳಬೇಡವೆಂದದ್ದನ್ನು ಹೇಳದಿರುವುದು ಶಿಷ್ಟಾಚಾರವೆಂದು ನಾನು ಬಲ್ಲೆ. ಆದರೆ ಕೆಲವು ಮೌನಗಳು ಶಿಷ್ಟಾಚಾರದ ವೇಷ ತೊಟ್ಟ ಅನ್ಯಾಯಗಳೆಂಬುದನ್ನೂ ಬಲ್ಲೆ. ದಾರಿಯಲ್ಲಿ ಪೆಟ್ರೋಲ್ ಬಂಕಿನ ನೆರಳಿಗೆ ವ್ಯಾನು ನಿಂತಾಗ ಎಲ್ಲವನ್ನೂ ಹೇಳಿದೆ. ಭಾವ ಕೆಳಗಿಳಿದರು. ವ್ಯಾನಿನ ಸುತ್ತ ಒಂದು ಸುತ್ತು ಬಂದು, ಕಿಟಕಿಯ ಬಳಿ ನಿಂತರು.

“ಗಂಟೂ ಅವಳೇ ಹಾಕಿದ್ದಾ?”

“ಎಲ್ಲ ಅವಳೇ ಭಾವ.”

“ನಾನು ಕಲಿಸಿರಲಿಲ್ಲವಲ್ಲ.”

“ನೀವು ಕಲಿಸದೆ ಇದ್ರೇನು? ಪಕ್ಕದಲ್ಲೇ ಕೂತು ನೋಡಿದ್ಲಲ್ಲ” ಎಂದಳು ಅಕ್ಕ. ಅವಳ ಧ್ವನಿಯಲ್ಲಿ ಆ ದಿನ ಎಂದಿನ ಹಾಸ್ಯವಿರಲಿಲ್ಲ.

ಭಾವ ವ್ಯಾನನ್ನು ಹಿಂದಕ್ಕೆ ತಿರುಗಿಸಿದರು. ಅಷ್ಟು ವೇಗವಾಗಿ ಅವರು ಓಡಿಸಿದ್ದನ್ನು ನಾನು ಕಂಡಿರಲಿಲ್ಲ.

ಕೋಣೆಯ ಬಾಗಿಲು ತೆರೆದಿತ್ತು. ಮಂಚ ಬರಿದಾಗಿತ್ತು. ಹಾಸಿಗೆಯ ಹೊಲಿಗೆಯನ್ನು ಬಿಚ್ಚಿ, ಗೀರಿನ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಿಸಿಟ್ಟು, ಮಗಳು ನೆಲದ ಮೇಲೆ ಮಂಡಿಯೂರಿ ಕುಳಿತು ಹತ್ತಿಯನ್ನು ಚೀಲಗಳಿಗೆ ತುಂಬುತ್ತಿದ್ದಳು. ಅಪ್ಪನನ್ನು ಕಂಡು ಅವಳಿಗೆ ಆಶ್ಚರ್ಯವಾಯಿತೇ ಹೊರತು ಕೋಪವೇನೂ ಬರಲಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತೆಂದು ಇಂದಿಗೂ ಅನಿಸುತ್ತದೆ.

“ಏನಪ್ಪ, ಏನಾದ್ರೂ ಮರೆತ್ರಾ?”

“ಯಾಕಮ್ಮ ಬಿಚ್ಚಿದೆ?”

“ಹತ್ತಿ ಮೂಲೆ ಸೇರುತ್ತೆ ಅಂದ್ರಲ್ಲ. ದಿಂಬಿಗಾದ್ರೂ ಆಗುತ್ತೆ ಅಂತ.”

ಭಾವ ಅವಳೆದುರು ನೆಲದ ಮೇಲೆ ಕುಳಿತರು. ಕೊರಳಪಟ್ಟಿಯಿಂದ ಸೂಜಿಯೊಂದನ್ನು ಕಿತ್ತು ಹಿಡಿದರು. ಅಂಗೈಯಲ್ಲೇ ಲೋಕವನ್ನು ಅಳೆದವರಿಗೆ ಆ ಸೂಜಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಮರೆತಂತಿತ್ತು.

“ಬಾ, ಇಬ್ಬರೂ ಸೇರಿ ಹೊಲಿದುಬಿಡೋಣ. ಇವತ್ತು ನಾನು ಒಳಗೇ ಮಲಗ್ತೀನಮ್ಮ. ಆಗದಿದ್ರೆ ಚಾಪೆ ಹಾಕು, ಸಾಕು.”

ಅವಳು ಚೀಲದ ಬಾಯಿಯನ್ನು ದಾರದಿಂದ ಸುತ್ತಿ ಸುತ್ತಿ ಕಟ್ಟಿದಳು. ಗಂಟು ಬಿಗಿಯಾಗಿಯೇ ಬಿತ್ತು. ಆಮೇಲೆ ತಲೆಯೆತ್ತಿ, ಬಹಳ ಮೃದುವಾಗಿ, ತಂದೆಯದೇ ಧ್ವನಿಯಲ್ಲಿ ಹೇಳಿದಳು:

“ನಿಮಗೆ ನಿದ್ದೆ ಬರಲ್ಲ ಅಪ್ಪ. ಯಾಕೆ ತೊಂದರೆ? ವ್ಯಾನಿದೆಯಲ್ಲ.”

ಭಾವ ವ್ಯಾನಿಗೇ ಹೋಗಿ ಮಲಗಿದರು. ಬೆಳಿಗ್ಗೆ ಅವಳು ಚಹಾವನ್ನು ಅಲ್ಲಿಗೇ ತಂದುಕೊಟ್ಟಳು, ನಗುತ್ತಲೇ ಬೀಳ್ಕೊಟ್ಟಳು. ತಂದೆ ಮಗಳ ನಡುವೆ ಒಂದು ಬಿರುಸು ಮಾತೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಫೋನು ಬರುತ್ತಿತ್ತು, ಔಷಧಗಳ ವಿಚಾರಣೆಯಿತ್ತು, ವರ್ಷಕ್ಕೊಮ್ಮೆ ಅವಳೇ ಬರುತ್ತಿದ್ದಳು. ಆದರೆ ‘ಬಂದು ಇರಿ’ ಎಂದು ಪ್ರತಿ ವರ್ಷ ಬಾಯಿತುಂಬ ಕರೆಯುತ್ತಿದ್ದವಳು, ಅಂದಿನಿಂದ ‘ಬಂದು ಹೋಗಿ’ ಎನ್ನತೊಡಗಿದಳು. ಆ ವ್ಯತ್ಯಾಸ ಭಾವನಿಗೆ ತಿಳಿಯದೆ ಇರಲಿಲ್ಲ. ಫೋನು ಇಟ್ಟ ಮೇಲೆ ಅವರು ಅಂಗಡಿಯ ನೆಲದ ಮೇಲೆ ಬಹಳ ಹೊತ್ತು ಕೆಲಸವಿಲ್ಲದೆ ಕೂರುತ್ತಿದ್ದರು. ಮಗಳ ಮನೆಯ ಬೀದಿಯ ಕಡೆಯ ಕೋಣೆ ಮುಂದೆ ಅವಳ ಮಕ್ಕಳು ಓದುವ ಕೋಣೆಯಾಯಿತು. ವ್ಯಾನನ್ನು ಭಾವ ತರಕಾರಿಯವನಿಗೆ ಮಾರಿದರು. ಪರದೆಗಳನ್ನಾದರೂ ಬಿಚ್ಚಿಕೊಳ್ಳೋಣವೆಂದು ಅಕ್ಕ ಅಂದಾಗ, ಬೇಡವೆಂದು ಕೈಯಾಡಿಸಿದರಂತೆ. ಅವರು ತೀರಿಕೊಂಡದ್ದು ತಮ್ಮ ಹಾಸಿಗೆಯಲ್ಲೇ, ಯಾರನ್ನೂ ಎಬ್ಬಿಸದೆ.

ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ, ಅವರನ್ನು ಸಜ್ಜನರೆಂದೇ ಕರೆಯುತ್ತೇವೆ. ಅವರು ಕೊಡುವಾಗ ಕೈ ಬಿಗಿಹಿಡಿಯುವುದಿಲ್ಲ, ತೆಗೆದುಕೊಳ್ಳುವಾಗ ಕೈ ಚಾಚುವುದಿಲ್ಲ. ಬಾಲ್ಯದಲ್ಲಿ ಯಾರೋ ಮಾಡಿದ ಅವಮಾನಕ್ಕೆ ಬದುಕಿನುದ್ದಕ್ಕೂ ಕಟ್ಟಿಕೊಂಡ ಕೋಟೆಯನ್ನು ಲೋಕ ನಿಸ್ಪೃಹತೆಯೆಂದು ಹೊಗಳುತ್ತದೆ, ಅವರೂ ಹಾಗೆಯೇ ನಂಬುತ್ತಾರೆ. ಋಣವಿಲ್ಲದೆ ಬಾಳುವುದು ದೊಡ್ಡದೆಂದು ನಮಗೆ ಕಲಿಸಿದವರು, ಋಣವೇ ಇಲ್ಲದ ಕಡೆ ಬಂಧವೂ ನಿಲ್ಲುವುದಿಲ್ಲವೆಂಬುದನ್ನು ಕಲಿಸದೆ ಬಿಟ್ಟರು. ಹೊರಗಿನವರು ನಮ್ಮಿಂದ ಪಡೆದು ತೃಪ್ತರಾಗುತ್ತಾರೆ. ನಮ್ಮವರಿಗೆ ಅದು ಸಾಲದು, ಅವರಿಗೆ ನಮಗಾಗಿ ಏನಾದರೂ ಮಾಡಬೇಕು, ಮಾಡಿದ್ದು ವಕ್ರವಾಗಿದ್ದರೂ ನಾವು ಅದರ ಮೇಲೆ ಒರಗಬೇಕು. ಒರಗಲಾರದವರು ಹೋದ ದಿನ, ಯಾರಿಗೂ ಹೊರೆಯಾಗದೆ ಹೋದ ಪುಣ್ಯಾತ್ಮರೆಂದು ಊರೆಲ್ಲ ಹೊಗಳುತ್ತದೆ. ಮನೆಯವರು ಮಾತ್ರ ಅದನ್ನು ತಲೆತಗ್ಗಿಸಿ ಕೇಳುತ್ತಾರೆ, ಏಕೆಂದರೆ ಆ ಹೊರೆಗಾಗಿಯೇ ಬಾಗಿಲಲ್ಲಿ ಹೆಗಲು ಕೊಟ್ಟು ನಿಂತು, ಬರಿದೇ ಹಿಂದಿರುಗಿದವರು ಅವರು.